ಥಾಮಸ್ ಹಾಡ್ಜ್‌ಕಿನ್

ಥಾಮಸ್ ಹಾಡ್ಜ್‌ಕಿನ್ (ಆಗಸ್ಟ್ 17, 1798 – ಏಪ್ರಿಲ್ 1866) ಇಂಗ್ಲೆಂಡಿನ ವೈದ್ಯರು, ರೋಗವಿಜ್ಞಾನಿ ಹಾಗೂ ಸಮಾಜ ಸುಧಾರಕರು. ದುಗ್ಧಗ್ರಂಥಿಗಳ ಕ್ಯಾನ್ಸರ್‌ಗಳಲ್ಲಿ ಒಂದಾದ ಹಾಡ್ಜ್‌ಕಿನ್ ಲಿಂಫೋಮಾ ಇವರ ಹೆಸರನ್ನು ಹೊತ್ತಿದೆ.

ಆರಂಭಿಕ ಜೀವನ

ಇವರು ಲಂಡನ್ ಸಮೀಪದ ಪೆಂಟನ್‌ವಿಲ್‌ನಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದರು. ಪ್ಯಾರಿಸ್‌ನಲ್ಲಿ ಲೆನೆಕ್ ಅವರಿಂದ ಸ್ಟೆತಾಸ್ಕೋಪಿನ ಬಳಕೆಯನ್ನು ಕಲಿತರು. 1823ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು.

ವೈದ್ಯಕೀಯ ಸಾಧನೆ

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುವುದು ಹಾಗೂ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವುದು ಇವರ ಹೊಣೆಯಾಗಿತ್ತು. 1832ರಲ್ಲಿ ದುಗ್ಧಗ್ರಂಥಿಗಳೂ ಗುಲ್ಮವೂ ಊದಿಕೊಂಡಿದ್ದ ಏಳು ರೋಗಿಗಳ ವಿವರಗಳನ್ನು ಪ್ರಬಂಧರೂಪದಲ್ಲಿ ಮಂಡಿಸಿದರು. ಈ ಊತವು ಬೇರೊಂದು ಸೋಂಕಿನ ಪರಿಣಾಮವಲ್ಲ, ಗ್ರಂಥಿಗಳಲ್ಲಿಯೇ ಹುಟ್ಟಿದ ರೋಗ ಎಂಬುದು ಇವರ ನಿಲುವಾಗಿತ್ತು. 1827ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಅವರೊಡನೆ ಸೂಕ್ಷ್ಮದರ್ಶಕದಿಂದ ರಕ್ತಕಣಗಳನ್ನು ಪರೀಕ್ಷಿಸಿದ್ದರೂ, ಈ ರೋಗವನ್ನು ಇವರು ಗುರುತಿಸಿದ್ದು ಬರಿಗಣ್ಣಿನಿಂದಲೇ. ಪ್ರಬಂಧವು ಆಗ ಹೆಚ್ಚು ಗಮನ ಸೆಳೆಯಲಿಲ್ಲ. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಈ ರೋಗಕ್ಕೆ ಹಾಡ್ಜ್‌ಕಿನ್ ಅವರ ಹೆಸರನ್ನಿಟ್ಟರು.

ಸಾಮಾಜಿಕ ಕಾರ್ಯ ಮತ್ತು ನಿಧನ

ಉತ್ತರ ಅಮೆರಿಕದ ಮೂಲನಿವಾಸಿಗಳನ್ನು ಹಡ್ಸನ್ ಬೇ ಕಂಪನಿಯು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಹಾಡ್ಜ್‌ಕಿನ್ ಬಹಿರಂಗವಾಗಿ ಖಂಡಿಸಿದರು. ಗೈಸ್ ಆಸ್ಪತ್ರೆಯ ಖಜಾಂಚಿ ಬೆಂಜಮಿನ್ ಹ್ಯಾರಿಸನ್ ಆ ಕಂಪನಿಯೊಡನೆ ಸಂಬಂಧ ಹೊಂದಿದ್ದವರು. 1837ರಲ್ಲಿ ಸಹಾಯಕ ವೈದ್ಯರ ಹುದ್ದೆಯು ಇವರ ಕೈತಪ್ಪಲು ಈ ವಿರೋಧವೂ ಒಂದು ಕಾರಣವೆಂದು ಚರಿತ್ರಕಾರರು ಭಾವಿಸುತ್ತಾರೆ. ಇವರು ಆಸ್ಪತ್ರೆಯನ್ನು ತೊರೆದರು. ಮೂಲನಿವಾಸಿಗಳ ರಕ್ಷಣಾ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಮಿತ್ರರಾದ ಮೋಸೆಸ್ ಮಾಂಟಿಫಿಯೋರ್ ಅವರೊಡನೆ ಪ್ಯಾಲೆಸ್ಟೈನಿಗೆ ಹೋಗಿದ್ದಾಗ ಆಮಶಂಕೆಯಿಂದ ಜಾಫಾದಲ್ಲಿ ನಿಧನರಾದರು. ಸಮಾಧಿಯ ಮೇಲೆ ಮಾಂಟಿಫಿಯೋರ್ ಸ್ಮಾರಕಸ್ತಂಭವನ್ನು ನಿಲ್ಲಿಸಿದರು.

ನಂತರದ ಬೆಳವಣಿಗೆ

ಕಾರ್ಲ್ ಸ್ಟರ್ನ್‌ಬರ್ಗ್ (1898) ಮತ್ತು ಡೊರೊತಿ ರೀಡ್ (1902) ಈ ರೋಗದ ವಿಶಿಷ್ಟ ಜೀವಕೋಶಗಳನ್ನು ವಿವರಿಸಿದರು. ಹಾಡ್ಜ್‌ಕಿನ್ ಕಾಲದ ಅಂಗಾಂಶಗಳನ್ನು ಗೈಸ್ ಸಂಗ್ರಹಾಲಯವು ಕಾಪಾಡಿಕೊಂಡು ಬಂದಿತ್ತು. 1926ರಲ್ಲಿ ಮೂವರು ರೋಗಿಗಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಇಬ್ಬರಲ್ಲಿ ಇದೇ ರೋಗವಿದ್ದುದು ದೃಢಪಟ್ಟಿತು.

ಅನೇಕ ಲಿಂಫೋಮಾಗಳ ಜೀವಕೋಶಗಳ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳಿರುವುದು 20ನೆಯ ಶತಮಾನದ ಅಂತ್ಯಭಾಗದಲ್ಲಿ ಕಂಡುಬಂದಿತು. ಆ ಹಾರ್ಮೋನನ್ನು ಹೋಲುವ ಆಕ್ಟ್ರಿಯೋಟೈಡ್‌ಗೆ ವಿಕಿರಣಶೀಲ ಇಂಡಿಯಂ-111 ಸೇರಿಸಿ ರಕ್ತನಾಳಕ್ಕೆ ಚುಚ್ಚಿದರೆ, ಅದು ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ರೋಗ ಹರಡಿದ ಸ್ಥಳಗಳನ್ನು ಗಾಮಾ ಕ್ಯಾಮೆರಾ ತೋರಿಸುತ್ತದೆ. ಮುಂದೆ ಗ್ಲೂಕೋಸ್ ಆಧಾರಿತ ಪೆಟ್ ಸ್ಕ್ಯಾನ್ ಹೆಚ್ಚು ಬಳಕೆಗೆ ಬಂದಿತು. ಹಾಡ್ಜ್‌ಕಿನ್ ಮರಣಾನಂತರದ ಪರೀಕ್ಷೆಯಲ್ಲಿ ಕಂಡ ಗ್ರಂಥಿಗಳನ್ನು ಈಗ ಜೀವಂತ ರೋಗಿಯಲ್ಲಿಯೇ ಕಾಣಬಹುದಾಗಿದೆ. ಆದರೂ ಅಂತಿಮ ರೋಗನಿರ್ಣಯಕ್ಕೆ ಗ್ರಂಥಿಯ ಅಂಗಾಂಶ ಪರೀಕ್ಷೆಯೇ ಆಧಾರ.