ಗೇಮ್ ಬೇಗ ಲೋಡ್ ಆಗಬೇಕಾ? ಮೊದಲು ವಾನ್ ನಾಯ್ಮನ್ ಯಾರು ಅಂತ ತಿಳ್ಕೊಳ್ಳಿ

ಹಳೇ ಹಾರ್ಡ್ ಡಿಸ್ಕಿನಿಂದ ದೊಡ್ಡ ಗೇಮ್ ಲೋಡ್ ಆಗುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಬರಬಹುದು. ಅದಕ್ಕೇ ಕೆಲವರು ರ‍್ಯಾಮ್‌ನ ಒಂದಷ್ಟು ಜಾಗವನ್ನು ಡ್ರೈವ್ ಮಾಡಿಕೊಂಡು ಗೇಮ್ ಫೈಲುಗಳನ್ನು ಅಲ್ಲಿಗೆ ಕಾಪಿ ಮಾಡ್ತಾರೆ. ನಾನೂ ಮಾಡಿದ್ದೇನೆ. ಡಿಸ್ಕ್ ಸರಿಯಾದ ಜಾಗ ಹುಡುಕೋಕೆ ಸುಮಾರು 10 ಮಿಲಿಸೆಕೆಂಡ್ ತಗೊಂಡರೆ, ರ‍್ಯಾಮ್‌ಗೆ ಅದರ ಲಕ್ಷದಲ್ಲೊಂದು ಪಾಲು ಸಾಕು. ಆದರೆ ಕರೆಂಟ್ ಹೋದರೆ ಅಲ್ಲಿದ್ದದ್ದೆಲ್ಲ ಮಾಯ. ಎಸ್‌ಎಸ್‌ಡಿ ಇದ್ದವರಿಗೆ ಈ ಸರ್ಕಸ್ಸಿನಿಂದ ಹೆಚ್ಚು ಲಾಭವೂ ಇಲ್ಲ.

ವೇಗದ ಮೆಮೊರಿ ಚಿಕ್ಕದಾಗಿರುತ್ತೆ, ದೊಡ್ಡ ಮೆಮೊರಿ ನಿಧಾನವಾಗಿರುತ್ತೆ, ಹಾಗಾಗಿ ಅವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಬೇಕು. ಈ ವಿಚಾರವನ್ನು 1946ರಲ್ಲೇ ಒಂದು ವರದಿಯಲ್ಲಿ ಬರೆದಿಟ್ಟವರು ಆರ್ಥರ್ ಬರ್ಕ್ಸ್, ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನಾಯ್ಮನ್.

ನಾಯ್ಮನ್ ಹುಟ್ಟಿದ್ದು 1903ರಲ್ಲಿ, ಬುಡಾಪೆಸ್ಟಿನ ಶ್ರೀಮಂತ ಯಹೂದಿ ಮನೆಯಲ್ಲಿ. ಅಪ್ಪ ಬ್ಯಾಂಕಿನವರು. 1919ರಲ್ಲಿ ಹಂಗೇರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಆ ಕುಟುಂಬ ಕೆಲಕಾಲ ದೇಶ ಬಿಟ್ಟಿತ್ತು. ಮುಂದೆ ಆತ ಜೀವನಪೂರ್ತಿ ಕಟ್ಟಾ ಕಮ್ಯುನಿಸ್ಟ್ ವಿರೋಧಿ. 1933ಕ್ಕೆ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರೊಫೆಸರ್, ಯುದ್ಧದ ಹೊತ್ತಿಗೆ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಲೆಕ್ಕಗಾರ.

ನನ್ನ ತಕರಾರು ಇರೋದು 1945ರ ಜೂನ್‌ನಲ್ಲಿ ಹೊರಬಂದ ಎಡ್‌ವ್ಯಾಕ್ ವರದಿಯ ಬಗ್ಗೆ. ಪ್ರೋಗ್ರಾಮನ್ನೂ ದತ್ತಾಂಶವನ್ನೂ ಒಂದೇ ಮೆಮೊರಿಯಲ್ಲಿಡುವ ಯಂತ್ರದ ಚಿತ್ರಣ ಅದರಲ್ಲಿತ್ತು. ಎನಿಯಾಕ್ ಕಟ್ಟಿದ ಎಕರ್ಟ್ ಮತ್ತು ಮೌಚ್ಲಿ ಆ ಚರ್ಚೆಗಳಲ್ಲಿ ಕೂತಿದ್ದವರು. ಆದರೆ ವರದಿಯ ಮೇಲಿದ್ದದ್ದು ನಾಯ್ಮನ್ ಹೆಸರೊಂದೇ. ಅದನ್ನು ಹಾಗೆ ಹಂಚಿದ್ದು ಗೋಲ್ಡ್‌ಸ್ಟೈನ್, ನಿಜ. ನಾಯ್ಮನ್ ಆಮೇಲಾದರೂ ಸರಿಪಡಿಸಬಹುದಿತ್ತಲ್ಲ? ಇಂದಿಗೂ ಪಠ್ಯಪುಸ್ತಕದಲ್ಲಿ ಅದು ವಾನ್ ನಾಯ್ಮನ್ ಆರ್ಕಿಟೆಕ್ಚರ್. ಇನ್ನೊಂದು ಮಗ್ಗುಲೂ ಇದೆ: ವರದಿ ಬಹಿರಂಗವಾದದ್ದರಿಂದ ಆ ವಿಚಾರಕ್ಕೆ ಯಾರೂ ಪೇಟೆಂಟ್ ಬೇಲಿ ಹಾಕೋಕೆ ಆಗಲಿಲ್ಲ. ಅನ್ಯಾಯದಿಂದಲೇ ಸಾರ್ವಜನಿಕ ಆಸ್ತಿ ಹುಟ್ಟಿತು ಅನ್ನೋದು ನನಗೆ ಸುಲಭಕ್ಕೆ ಜೀರ್ಣವಾಗಲ್ಲ.

ಪ್ರಿನ್ಸ್‌ಟನ್‌ನಲ್ಲಿ ಆತ ಕಟ್ಟಿಸಿದ ಯಂತ್ರದ ವೇಗದ ಮೆಮೊರಿ 40 ಟ್ಯೂಬುಗಳಲ್ಲಿತ್ತು. ಒಟ್ಟು 5 ಕಿಲೋಬೈಟ್. ಇವತ್ತಿನ ಗೇಮಿನ ಒಂದು ಐಕಾನ್‌ಗೂ ಸಾಲದು. ಅದರ ವಿನ್ಯಾಸವನ್ನೂ ಗುಟ್ಟು ಮಾಡದೆ ಹಂಚಿದ್ದರಿಂದ ಹಲವು ಕಡೆ ಅಂಥವೇ ಯಂತ್ರಗಳು ಎದ್ದವು. ಆದರೆ ಆ ಯಂತ್ರಕ್ಕೆ ಕೊಟ್ಟ ಮೊದಲ ದೊಡ್ಡ ಕೆಲಸ ಯಾವುದು? ಹೈಡ್ರೋಜನ್ ಬಾಂಬಿನ ಲೆಕ್ಕ. ಸೋವಿಯತ್ ಒಕ್ಕೂಟದ ಮೇಲೆ ತಾವೇ ಮೊದಲು ಬಾಂಬ್ ಹಾಕಬೇಕು ಅಂತ ವಾದಿಸಿದವನೂ ಇದೇ ನಾಯ್ಮನ್.

1955ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಸದಸ್ಯನಾದ. ಅದೇ ವರ್ಷ ಕ್ಯಾನ್ಸರ್ ಗೊತ್ತಾಯಿತು. ಓದಿದ ಪುಸ್ತಕಗಳನ್ನು ವರ್ಷಗಳ ನಂತರವೂ ಬಾಯಲ್ಲೇ ಒಪ್ಪಿಸುತ್ತಿದ್ದವನ ತಲೆ ಕೊನೆಗೆ ಕೈಕೊಡತೊಡಗಿತು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಮಂಪರಿನಲ್ಲಿ ಎಲ್ಲಿ ದೇಶದ ಗುಟ್ಟು ಬಾಯಿಬಿಟ್ಟಾನೋ ಅಂತ ಹಾಸಿಗೆಯ ಬಳಿ ಸೇನೆಯವರ ಕಾವಲಿತ್ತು. 1957ರ ಫೆಬ್ರವರಿ 8ರಂದು ಅಲ್ಲೇ ತೀರಿಕೊಂಡ, 53ನೇ ವಯಸ್ಸಿಗೆ.