ಕ್ಲಾರಾ ಬಾರ್ಟನ್ ಎಂಬಾಕೆಯ ಚರಿತ್ರೆ

ರೋಗಿಯ ಹಾಸಿಗೆಯ ಬಳಿಯಲ್ಲಿ ಕೂತವರಿಗೆ ಅವನ ಹುಣ್ಣು ಮಾತ್ರವಲ್ಲದೆ ಅವನ ಮನೆಯ ಸಾಲವೂ ಹೆಂಡತಿಯ ಕಣ್ಣೀರೂ ಮಕ್ಕಳ ಹಸಿವೂ ಕಾಣಬರುವವು. ಹುಣ್ಣಿಗೆ ಮದ್ದುಂಟು. ಉಳಿದವುಗಳನ್ನು ಹೊತ್ತುಕೊಳ್ಳುವವರ ಬಲವು ಎಷ್ಟು ಕಾಲ ನಿಲ್ಲುವದು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಅಮೇರಿಕಾ ದೇಶದ ಕ್ಲಾರಾ ಬಾರ್ಟನ್ ಎಂಬಾಕೆಯ ಜೀವಿತವನ್ನು ಬರೆಯುತ್ತೇವೆ.

ಈಕೆಯು 1821ನೆಯ ಇಸವಿಯ ದಶಂಬರ 25ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಹುಟ್ಟಿದಳು. ಅಣ್ಣನಾದ ಡೇವಿಡನು ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದಾಗ, ಹನ್ನೊಂದು ವರುಷದ ಈ ಹುಡುಗಿಯು ಹೆಚ್ಚುಕಡಿಮೆ ಎರಡು ವರುಷ ಅವನ ಶುಶ್ರೂಷೆ ಮಾಡಿದಳು. ಬೆಳೆದ ಮೇಲೆ ಉಪಾಧ್ಯಾಯಿನಿಯಾಗಿ, ಬಳಿಕ ವಾಷಿಂಗ್‌ಟನ್ ಪಟ್ಟಣದ ಸರಕಾರೀ ಕಚೇರಿಯಲ್ಲಿ ಬರಹದವಳಾಗಿ ಇದ್ದಳು.

1861ರಲ್ಲಿ ಆ ದೇಶದ ಉತ್ತರ ದಕ್ಷಿಣ ಸೀಮೆಗಳವರಿಗೆ ಯುದ್ಧ ಹತ್ತಲು, ಕ್ಲಾರಳು ಬಂಡಿಗಳಲ್ಲಿ ಗಾಯದ ಪಟ್ಟಿಗಳನ್ನೂ ಆಹಾರವನ್ನೂ ತುಂಬಿಸಿಕೊಂಡು ರಣಭೂಮಿಗೆ ಹೋದಳು. 1862ರ ಸಪ್ಟೆಂಬರ 17ರಲ್ಲಿ ಆಂಟಿಯೆಟಮ್ ಎಂಬಲ್ಲಿ ಗಾಯಪಟ್ಟವನೊಬ್ಬನನ್ನು ಉಪಚರಿಸುತ್ತಿರುವಾಗ, ಗುಂಡೊಂದು ಆಕೆಯ ಅಂಗಿಯ ತೋಳನ್ನು ತೂರಿಹೋಗಿ ಅವನನ್ನು ಕೊಂದಿತು. ಆ ಕಾಳಗದ ಬಳಿಕ ಜ್ವರದಲ್ಲಿ ಮಲಗಿದಳು. ಎದ್ದು ತಿರಿಗಿ ಹೋದಳು.

ಆದರೆ ಆಕೆಯ ಬಲವನ್ನು ಹೆಚ್ಚಾಗಿ ತಿಂದದ್ದು ಯುದ್ಧಾನಂತರದ ಕೆಲಸವೇ ಎಂದು ನಮಗೆ ತೋರುತ್ತದೆ. ಸಾವಿರಾರು ಮನೆಗಳವರಿಗೆ ತಮ್ಮ ಮಗನು ಬದುಕಿರುವನೋ ಸತ್ತನೋ ತಿಳಿದಿರಲಿಲ್ಲ. ಸಾವಿಗೆ ರುಜುವಾತಿಲ್ಲದಿದ್ದರೆ ವಿಧವೆಗೆ ಪಿಂಚಣಿ ದೊರೆಯುವದೂ ಕಷ್ಟ. 1865ರಲ್ಲಿ ಕ್ಲಾರಳು ತನ್ನ ಬಾಡಿಗೆ ಕೋಣೆಗಳಲ್ಲಿಯೇ ಕಾಣೆಯಾದ ಸಿಪಾಯಿಗಳನ್ನು ಹುಡುಕುವ ಕಚೇರಿಯನ್ನು ತೆರೆದಳು. ಮೂರು ವರುಷಗಳಲ್ಲಿ ಆಕೆಯೂ ಆಕೆಯ ಕೆಲವು ಗುಮಾಸ್ತರೂ 63,000ಕ್ಕಿಂತ ಹೆಚ್ಚು ಕಾಗದಗಳನ್ನು ನೋಡಿ, ಸುಮಾರು 22,000 ಮಂದಿಯ ಸುದ್ದಿಯನ್ನು ತಿಳಿಸಿದರು. ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಡಾರೆನ್ಸ್ ಆಟ್‌ವಾಟರ್ ಎಂಬ ಕೈದಿಯು ಗುಪ್ತವಾಗಿ ನಕಲು ಮಾಡಿಟ್ಟಿದ್ದ ಸತ್ತವರ ಪಟ್ಟಿಯಿಂದ ಸುಮಾರು 13,000 ಸಮಾಧಿಗಳನ್ನು ಗುರುತಿಸುವ ಕೆಲಸಕ್ಕೂ ಆಕೆಯು ಹೋದಳು. ಇದಲ್ಲದೆ ಊರೂರಿಗೆ ಹೋಗಿ ಯುದ್ಧದ ಸಂಗತಿಗಳನ್ನು ಉಪನ್ಯಾಸ ಮಾಡುತ್ತಿದ್ದಳು. ಹಗಲು ಸಭೆ, ರಾತ್ರಿ ತಾಯಂದಿರ ಕಾಗದ! 1868ರಲ್ಲಿ ಸಭೆಯ ಎದುರಿನಲ್ಲಿ ನಿಂತಾಗಲೇ ಆಕೆಯ ಸ್ವರವು ನಿಂತುಹೋಯಿತು.

ವೈದ್ಯರು ವಿಶ್ರಾಂತಿ ತೆಗೆದುಕೊಳ್ಳಬೇಕೆಂದು 1869ರಲ್ಲಿ ಆಕೆಯನ್ನು ಯುರೋಪಕ್ಕೆ ಕಳುಹಿಸಿದರು. ಮರುವರುಷ ಅಲ್ಲಿಯೂ ಯುದ್ಧವೆದ್ದಿತು. ವಿಶ್ರಾಂತಿಗೆ ಹೋದವಳು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಹೊಲಿಗೆಯ ಕೆಲಸವನ್ನು ಏರ್ಪಡಿಸಿ ಕೂಲಿ ಕೊಡಿಸುತ್ತಿದ್ದಳು! ಬರಿಯ ಭಿಕ್ಷೆಗಿಂತ ಇದು ಮೇಲೆಂದು ಆಕೆಯು ಕಂಡಿದ್ದಳು. ಆದರೆ ದೇಹವು ಒಪ್ಪಲಿಲ್ಲ. ಬಲಗುಂದಿದವಳಾಗಿ 1873ರಲ್ಲಿ ಸ್ವದೇಶಕ್ಕೆ ಬಂದಳು. ಮರುವರುಷ ಅಕ್ಕನು ತೀರಿಹೋದ ಮೇಲೆ ಸಂಪೂರ್ಣವಾಗಿ ಕುಸಿದುಬಿದ್ದಳು.

1876ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಡ್ಯಾನ್ಸ್‌ವಿಲ್ ಎಂಬ ಊರಿನ ಆರೋಗ್ಯಾಶ್ರಮಕ್ಕೆ ಹೋದಳು. ಅಲ್ಲಿ ಜಲಚಿಕಿತ್ಸೆ, ಸಾದಾ ಊಟ, ನಿದ್ರೆ, ಶುದ್ಧವಾದ ಗಾಳಿ, ಒಳ್ಳೆಯವರ ಸಂಗಡ ಮಾತುಕಥೆ. ಎಲ್ಲರನ್ನೂ ನೋಡಿಕೊಂಡವಳನ್ನು ಈಗ ಬೇರೆಯವರು ನೋಡಿಕೊಂಡರು. ಮೆಲ್ಲಮೆಲ್ಲನೆ ಬಲ ಬಂತು. ಆಕೆಯು ಅವಸರಪಡದೆ ಆ ಊರಲ್ಲಿಯೇ ಹತ್ತು ವರುಷ ವಾಸಮಾಡಿದಳು. ಅಲ್ಲಿದ್ದಾಗಲೇ, 1881ರಲ್ಲಿ, ಅಮೇರಿಕಾ ದೇಶದ ರೆಡ್ ಕ್ರಾಸ್ ಸಂಘವನ್ನು ಸ್ಥಾಪಿಸಿದಳು.

ಮುಂದೆ 1889ರ ಜಾನ್ಸ್‌ಟೌನ್ ಪ್ರಳಯದಲ್ಲಿಯೂ 1900ರ ಗ್ಯಾಲ್ವೆಸ್ಟನ್ ಬಿರುಗಾಳಿಯ ತರುವಾಯವೂ ಆಕೆಯು ತಾನೇ ಹೋಗಿ ದುಡಿದಳು. ಗ್ಯಾಲ್ವೆಸ್ಟನಿಗೆ ಹೋದಾಗ ವಯಸ್ಸು ಎಪ್ಪತ್ತೆಂಟು. ಲೆಕ್ಕವನ್ನೂ ತೀರ್ಮಾನವನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳುತ್ತಾಳೆಂದು ಸಂಘದವರೇ ದೂರಿದರು. ದೂರು ತೀರ ಸುಳ್ಳೆಂದು ನಾವು ಹೇಳಲಾರೆವು. 1904ರಲ್ಲಿ ಅಧ್ಯಕ್ಷಪದವಿಯನ್ನು ಬಿಟ್ಟುಕೊಟ್ಟು, 1912ರ ಏಪ್ರಿಲ್ 12ರಲ್ಲಿ ತೀರಿಹೋದಳು.

ವಾಷಿಂಗ್‌ಟನಿನ ಆ ಹಳೆಯ ಕೋಣೆಗಳು ಬಹುಕಾಲ ಮರೆತುಹೋಗಿದ್ದವು. 1996ರಲ್ಲಿ ಕಟ್ಟಡವನ್ನು ಪರೀಕ್ಷಿಸಲು ಹೋದವನೊಬ್ಬನಿಗೆ ಅಟ್ಟದ ಮೇಲೆ ಹಳೆಯ ಕಾಗದಗಳೂ ಒಂದು ನಾಮಫಲಕವೂ ಸಿಕ್ಕಿದವು. ಕಾಣೆಯಾದವರ ಕಚೇರಿಯು ಮೂರನೆಯ ಅಂತಸ್ತಿನಲ್ಲಿದೆ ಎಂದು ತಿಳಿಸುವ ಆ ಫಲಕದಲ್ಲಿ ಆಕೆಯ ಹೆಸರೊಂದೇ ಇತ್ತು.