ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಮತ್ತು ಲಿಂಗದೃಷ್ಟಿ

ಧ್ಯಾನಕ್ಕೆ ಕುಳಿತವನು ಕಣ್ಣನ್ನು ಮುಚ್ಚಿರಬೇಕೋ ತೆರೆದಿರಬೇಕೋ ಎಂಬ ಪ್ರಶ್ನೆಯು ಮಠಗಳಿಗೆ ಬರುವ ಭಕ್ತರಲ್ಲಿ ಮೇಲಿಂದ ಮೇಲೆ ಹುಟ್ಟುತ್ತಿರುವದು. ನಮ್ಮ ಅಮ್ಮಿನಬಾವಿಯ ಸೀಮೆಯಲ್ಲಿಯೂ ಹೊಲಮನೆಗಳ ಕೆಲಸವನ್ನು ತೀರಿಸಿಕೊಂಡು ಪೂಜೆಗೆ ಕೂಡ್ರುವ ಗೃಹಸ್ಥರು ಇದನ್ನು ಕೇಳದೆ ಇರುವದಿಲ್ಲ. ಇದಕ್ಕೆ ಶಾಸ್ತ್ರವಾಕ್ಯಗಳನ್ನು ಒಟ್ಟಿ ಉತ್ತರವನ್ನು ಕೊಡುವದಕ್ಕಿಂತ, ಲಿಂಗಪೂಜೆಯನ್ನೇ ತಮ್ಮ ಬಾಳಿನ ಉಸಿರನ್ನಾಗಿ ಮಾಡಿಕೊಂಡಿದ್ದ ಒಬ್ಬ ಮಹಾತ್ಮರ ಚರಿತ್ರೆಯನ್ನು ವಾಚಕರ ಮುಂದಿಡುವದು ಲೇಸೆಂದು ತೋರುತ್ತದೆ. ಆ ಮಹಾತ್ಮರೇ ಲಿಂಗೈಕ್ಯ ಹಾನಗಲ್ಲ ಶ್ರೀ ಕುಮಾರ ಮಹಾಶಿವಯೋಗಿಗಳು.

ಪೂಜ್ಯರು 1867ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ರಾಣಿಬೆನ್ನೂರ ತಾಲೂಕಿನ ಜೋಯಿಸರಹರಳಹಳ್ಳಿ ಎಂಬ ಸಣ್ಣ ಗ್ರಾಮದಲ್ಲಿ ಒಂದು ಬಡ ಜಂಗಮ ಮನೆತನದಲ್ಲಿ ಅವತರಿಸಿದರು. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಬಾಲಕನಿಗೆ ಹಾಲಯ್ಯನೆಂದು ಹೆಸರಿಟ್ಟರು. ಬಡತನದಲ್ಲಿಯೇ ಓದು ನಡೆಯಿತು. ಮುಲ್ಕಿ ಪರೀಕ್ಷೆಗೆ ಕುಳಿತರೂ ಅದರಲ್ಲಿ ಹಾಲಯ್ಯನು ತೇರ್ಗಡೆಯಾಗಲಿಲ್ಲ. ಮುಂದೆ ನೂರಾರು ಮಠಾಧಿಪತಿಗಳಿಗೆ ವಿದ್ಯೆಯ ದಾರಿಯನ್ನು ತೆರೆದವರು ತಾವು ಮಾತ್ರ ಸರಕಾರದ ಒಂದು ಸಣ್ಣ ಪರೀಕ್ಷೆಯನ್ನು ದಾಟಲಿಲ್ಲವೆಂಬುದನ್ನು ಮರೆಮಾಡುವ ಕಾರಣವಿಲ್ಲ. ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿದರು. ಬಳಿಕ ತಾಯಿಯ ಅಪ್ಪಣೆಯನ್ನು ಪಡೆದು ಮನೆಯನ್ನು ಬಿಟ್ಟು ಹೊರಟರು.

ಆಗ ಹುಬ್ಬಳ್ಳಿಯಲ್ಲಿ ಶ್ರೀ ಸಿದ್ಧಾರೂಢ ಸ್ವಾಮಿಗಳ ಕೀರ್ತಿಯು ಹಬ್ಬಿದ್ದಿತು. ವೇದಾಂತ ಶ್ರವಣಕ್ಕೆಂದು ದೂರದೂರದಿಂದ ಜಿಜ್ಞಾಸುಗಳು ಅಲ್ಲಿಗೆ ಬರುತ್ತಿದ್ದರು. ಹಾಲಯ್ಯನವರೂ ಅಲ್ಲಿ ನಿಂತು ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆದರೆ ಒಂದು ಸಂಶಯವು ಅವರನ್ನು ಬಿಡದೆ ಕಾಡಿತೆಂದು ಅವರ ಚರಿತ್ರಕಾರರು ಬರೆದಿರುವರು. ಆತ್ಮಜ್ಞಾನವೇ ಸಾಕೆಂದಾದರೆ ಅಂಗದ ಮೇಲಿನ ಇಷ್ಟಲಿಂಗಕ್ಕೆ ಏನು ಪ್ರಯೋಜನ? ಅದನ್ನು ಕೈಯಲ್ಲಿ ಹಿಡಿದು ನೋಡುವದು ಕೇವಲ ಮಂದಾಧಿಕಾರಿಗಳ ಕೆಲಸವೋ, ಅಥವಾ ಕಡೆಯ ವರೆಗೆ ಬಿಡಬಾರದ ಸಾಧನವೋ? ನಮ್ಮ ಪ್ರಶ್ನೆಯ ಬೇರು ಇಲ್ಲಿಯೇ ಇರುವದು. ಕಣ್ಣು ಮುಚ್ಚಿ ತನ್ನೊಳಗನ್ನೇ ಅರಸುವವನಿಗೆ ಕರಸ್ಥಲದ ಲಿಂಗವು ಹೆಚ್ಚಿನದಾಗಿ ಕಾಣಬಹುದು. ಲಿಂಗವೇ ಬೇಕೆನ್ನುವವನು ಕಣ್ಣು ತೆರೆಯಲೇ ಬೇಕು. ಆರೂಢರ ಸನ್ನಿಧಿಯಲ್ಲಿ ಈ ಸಂಶಯಕ್ಕೆ ಸಮಾಧಾನವು ದೊರೆಯದೆ ಹೋಯಿತು. ಆರೂಢರಲ್ಲಿ ಪೂಜ್ಯಭಾವವನ್ನು ಕಳೆದುಕೊಳ್ಳದೆಯೇ ಹಾಲಯ್ಯನವರು ಅಲ್ಲಿಂದ ಹೊರಟರು. ಇದರಲ್ಲಿ ಯಾರ ಹಿರಿಮೆಗೂ ಕುಂದಿಲ್ಲ. ಅವರವರ ಮಾರ್ಗವು ಬೇರೆಯಾಗಿದ್ದಿತು, ಇಷ್ಟೇ.

ಆ ಮೇಲೆ ಅವರಿಗೆ ಗುರುಗಳಾಗಿ ದೊರೆತವರು ಎಳಂದೂರ ಶ್ರೀ ಬಸವಲಿಂಗ ಸ್ವಾಮಿಗಳು. ನಿಜಗುಣ ಶಿವಯೋಗಿಗಳು ತಪಗೈದ ಶಂಭುಲಿಂಗನ ಬೆಟ್ಟದಲ್ಲಿ ಗುರುಗಳೊಡನೆ ಇದ್ದು ಅವರು ಶಿವಯೋಗದ ಅನುಷ್ಠಾನವನ್ನು ಕಲಿತರು.

ಈ ಅನುಷ್ಠಾನದ ಬಗೆಯನ್ನು ಇಲ್ಲಿ ತುಸು ವಿಸ್ತರಿಸಿ ಹೇಳಬೇಕಾಗಿದೆ. ಸಾಧಕನು ಸ್ಥಿರಾಸನದಲ್ಲಿ ಕುಳಿತು ಇಷ್ಟಲಿಂಗವನ್ನು ಎಡದ ಅಂಗೈಯ ಮೇಲೆ ಬಿಜಯಂಗೈಸಿ, ಅಲುಗದಂತೆ ಹಿಡಿದು, ಅದರಲ್ಲಿ ದೃಷ್ಟಿಯನ್ನು ನಿಲ್ಲಿಸುವನು. ಲಿಂಗದ ಮೇಲಣ ಕಪ್ಪಾದ ನುಣುಪು ಕಾಂತಿಯಲ್ಲಿ ಹತ್ತಿರದ ದೀಪದ ಬೆಳಕು ಒಂದು ಚುಕ್ಕೆಯಾಗಿ ಮೂಡುವದು. ಆ ಚುಕ್ಕೆಯೇ ಕಣ್ಣಿಗೆ ಗುರಿ. ರೆಪ್ಪೆಗಳು ಅರಳಿಯೂ ಇರವು, ಪೂರ್ಣ ಮುಚ್ಚಿಯೂ ಇರವು. ಮೊದಲ ದಿನಗಳಲ್ಲಿ ಕಣ್ಣು ಉರಿದು ನೀರು ಸುರಿಯುವದು; ಆಗ ಬಲಾತ್ಕಾರ ಮಾಡದೆ ಮೆಲ್ಲನೆ ಮುಚ್ಚಿ ಪುನಃ ತೆರೆಯಬೇಕು. ಅಭ್ಯಾಸವು ಬಲಿತಂತೆ ಉಸಿರು ತಾನಾಗಿಯೇ ನಿಧಾನವಾಗುವದು. ಕಣ್ಣು ಮುಚ್ಚಿದರೂ ಆ ಬೆಳಕು ಒಳಗೆ ನಿಲ್ಲತೊಡಗುವದು. ಹೊರಗೆ ಕಂಡದ್ದು ಇಷ್ಟಲಿಂಗ, ಪ್ರಾಣದಲ್ಲಿ ನಿಂತದ್ದು ಪ್ರಾಣಲಿಂಗ, ಭಾವದಲ್ಲಿ ಬೆರೆತದ್ದು ಭಾವಲಿಂಗ. ಆದುದರಿಂದ ನಮ್ಮಲ್ಲಿ ತೆರೆದ ಕಣ್ಣು ಮೊದಲು, ಮುಚ್ಚಿದ ಕಣ್ಣು ಅನಂತರ. ಒಂದು ಮತ್ತೊಂದರ ವೈರಿಯಲ್ಲ.

ಪರಮತಗಳಲ್ಲಿಯೂ ಈ ವಿಚಾರವು ಇಲ್ಲದಿಲ್ಲ. ಹಠಯೋಗಪ್ರದೀಪಿಕೆಯು ತ್ರಾಟಕವನ್ನು ಷಟ್ಕರ್ಮಗಳಲ್ಲಿ ಒಂದಾಗಿ ಎಣಿಸಿ, ಕಣ್ಣೀರು ಬರುವ ವರೆಗೆ ಸೂಕ್ಷ್ಮಲಕ್ಷ್ಯವನ್ನು ನೋಡಹೇಳುತ್ತದೆ. ಒಳಗೆ ಲಕ್ಷ್ಯವಿಟ್ಟು ಹೊರಗೆ ಎವೆಯಿಕ್ಕದಿರುವ ಶಾಂಭವೀಮುದ್ರೆಯನ್ನೂ ಕೊಂಡಾಡುತ್ತದೆ. ಭಗವದ್ಗೀತೆಯು ನಾಸಿಕಾಗ್ರವನ್ನು ತೋರಿಸುತ್ತದೆ. ಜಪಾನದ ಝೆನ್ ಪಂಥದ ಬೌದ್ಧರು ಗೋಡೆಗೆ ಇಲ್ಲವೆ ನೆಲಕ್ಕೆ ಅರೆಗಣ್ಣಿಟ್ಟು ಕೂಡ್ರುವರು. ನಮ್ಮ ಪುರಾತನರಲ್ಲಂತೂ ಅಲ್ಲಮಪ್ರಭುವಿಗೆ ಕರಸ್ಥಲದ ಲಿಂಗವನ್ನು ಕರುಣಿಸಿದ ಗುರುವಿಗೆ ಅನಿಮಿಷನೆಂದೇ ಹೆಸರು. ನೆಲದೊಳಗೆ ಹೂತುಹೋಗಿದ್ದ ಗುಡಿಯಲ್ಲಿ ಅಂಗೈಯ ಲಿಂಗದ ಮೇಲೆ ನೆಟ್ಟ ದೃಷ್ಟಿಯನ್ನು ಕೀಳದೆ ಆತನು ಕುಳಿತಿದ್ದನೆಂಬ ಕಥೆಯನ್ನು ಹರಿಹರ, ಚಾಮರಸಾದಿ ಕವಿಗಳು ಹಾಡಿರುವರು.

ಅದು ಹಾಗಿರಲಿ. ಹಾಲಯ್ಯನವರು ಹಾನಗಲ್ಲ ವಿರಕ್ತಮಠದ ಅಧಿಕಾರವನ್ನು ವಹಿಸಿ ಕುಮಾರ ಸ್ವಾಮಿಗಳೆನಿಸಿದರು. ತಪಸ್ಸನ್ನು ಬಯಸಿ ಮನೆ ಬಿಟ್ಟವರ ಮೇಲೆ ಸಮಾಜದ ಭಾರವೇ ಬಿದ್ದಿತು. 1904ರಲ್ಲಿ ಅವರ ಪ್ರೇರಣೆಯಿಂದ ವೀರಶೈವ ಮಹಾಸಭೆಯು ಹುಟ್ಟಿ, ಸಿರಸಂಗಿಯ ಲಿಂಗರಾಜ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿಯೇ ಮೊದಲನೆಯ ಅಧಿವೇಶನವು ನೆರೆಯಿತು. ಆದರೆ ಸಭೆಗಳಲ್ಲಿ ಠರಾವು ಮಾಡಿದ ಮಾತ್ರಕ್ಕೆ ಮಠಗಳು ತಿದ್ದಲಾರವೆಂಬುದನ್ನು ಅವರು ಅರಿತಿದ್ದರು. ಪೀಠವೇರುವ ವಟುಗಳಿಗೇ ಪೂಜೆಯ ಕ್ರಮವು ತಿಳಿಯದೆ ಇದ್ದಲ್ಲಿ ಭಕ್ತರು ಕಲಿಯುವದು ಯಾರಿಂದ? ಈ ಕೊರಗಿನಿಂದಲೇ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವು ಸ್ಥಾಪಿತವಾಯಿತು. ಅಲ್ಲಿ ವಟುಗಳಿಗೆ ಸಂಸ್ಕೃತ, ಕನ್ನಡ, ಸಂಗೀತಗಳೊಡನೆ ಯೋಗಾಭ್ಯಾಸವೂ ಲಿಂಗಪೂಜೆಯೂ ನಿತ್ಯದ ಪಾಠವಾದವು. ಗೋಶಾಲೆ ಕಟ್ಟಿದರು, ಗೋಮಯದಿಂದ ಶಾಸ್ತ್ರೋಕ್ತವಾಗಿ ವಿಭೂತಿ ಮಾಡಿಸಿದರು, ಇಷ್ಟಲಿಂಗಗಳನ್ನೂ ಸಿದ್ಧಪಡಿಸಿದರು, ತಾಡವೋಲೆಗಳನ್ನು ಕೂಡಿಸಿದರು. ಇದನ್ನೆಲ್ಲ ಕೆಲವರು ಕೇವಲ ಆಚಾರದ ಸಂಭ್ರಮವೆಂದು ಬಗೆಯುವರು. ನೋಡಿ ನಿಲ್ಲಬೇಕಾದ ಲಿಂಗವೇ ಒರಟಾಗಿ ಕಾಂತಿಗೆಟ್ಟಿದ್ದರೆ ದೃಷ್ಟಿಯು ಎಲ್ಲಿ ನಿಂತೀತು ಎಂಬುದನ್ನು ಅವರು ಯೋಚಿಸಿದಂತಿಲ್ಲ.

ಅಂದಹಾಗೆ, ಇಂದು ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ತಡೆದ ಮಲಪ್ರಭೆಯ ನೀರೇ ನಮ್ಮ ಅಮ್ಮಿನಬಾವಿಯಲ್ಲಿ ಶುದ್ಧಗೊಂಡು ಧಾರವಾಡ-ಹುಬ್ಬಳ್ಳಿಗಳ ಮನೆಮನೆಗೆ ಹೋಗುತ್ತಿರುವದು. ನಮ್ಮ ಪೂಜೆಯ ಅಗ್ಘವಣಿಯೂ ಮಂದಿರದ ಅಗ್ಘವಣಿಯೂ ಒಂದೇ ಹೊಳೆಯದಾದ ಬಳಿಕ ಆ ಸ್ಥಳವನ್ನು ಪರಕೀಯವೆಂದು ಹೇಗೆ ಎಣಿಸುವದು?

ಇನ್ನು ಈ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಯನ್ನು ತಲೆಕೆಳಗು ಮಾಡುವ ಒಂದು ಸಂಗತಿಯಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾದ ಇಬ್ಬರು ಅಣ್ಣತಮ್ಮಂದಿರು, ಗದಿಗೆಯ್ಯ ಹಾಗೂ ಗುರುಬಸವಯ್ಯ ಎಂಬವರು, ಪೂಜ್ಯರ ಕೃಪೆಗೆ ಪಾತ್ರರಾದರು. ಅವರ ಕಂಠದ ಮಾಧುರ್ಯವನ್ನು ಗುರುತಿಸಿ ಪೂಜ್ಯರು ಅವರಿಗೆ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. 1892ರಲ್ಲಿ ಹುಟ್ಟಿದ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿ 1944ರ ವರೆಗೆ ನಾಡನ್ನು ಬೆಳಗಿದರು. ದೃಷ್ಟಿಯೋಗವನ್ನು ಸಾರಿದ ಗುರುಗಳು ದೃಷ್ಟಿಯೇ ಇಲ್ಲದ ಬಾಲಕನನ್ನು ಲಿಂಗಪೂಜೆಗೆ ಅನರ್ಹನೆಂದು ದೂರವಿಡಲಿಲ್ಲ. ತೆರೆದರೂ ಮುಚ್ಚಿದರೂ ಒಂದೇ ಆದ ಕಣ್ಣಿನವನಿಗೆ ಅಂಗೈಯ ಸ್ಪರ್ಶವೇ ದೃಷ್ಟಿಯಾಯಿತೆಂದು ನಾನು ತಿಳಿಯುವೆನು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ, ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವ ವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿದ್ದರು. ಅವರ ದೀರ್ಘವಾದ ಲಿಂಗಪೂಜೆಯನ್ನು ಕಣ್ಣಾರೆ ಕಂಡವರು ನಮ್ಮ ವಾಚಕರಲ್ಲಿಯೇ ಅನೇಕರಿರಬಹುದು. ಕಣ್ಣುಳ್ಳ ನಾವು ಆ ಪೂಜೆಯನ್ನು ನೋಡುತ್ತ ನಿಂತಾಗ ಅತ್ತಿತ್ತ ದೃಷ್ಟಿಯನ್ನು ಹರಿಯಿಸುತ್ತಿದ್ದೆವೆಂಬುದನ್ನು ನೆನೆದರೆ ನಾಚಿಕೆಯಾಗುವದು.

ಹಾಗೆಂದು ಕಣ್ಣಿನ ವಿಚಾರವೇ ವ್ಯರ್ಥವೆಂದು ಹೇಳಬಾರದು. ಈ ಲೇಖಕನು ಬಹುಕಾಲ ಕಣ್ಣು ಮುಚ್ಚಿಯೇ ಕೂಡ್ರುತ್ತಿದ್ದನು. ಮುಚ್ಚಿದೊಡನೆ ಜೋಳದ ಧಾರಣೆ, ಮಗಳ ಮದುವೆ, ನೆರೆಯವನ ಬದುವಿನ ತಂಟೆ ಇವೆಲ್ಲವೂ ಸರದಿಯಿಂದ ಬಂದು ನಿಲ್ಲುವವು; ಅವೂ ಬಾರದ ದಿನ ತೂಕಡಿಕೆಯು ಬರುವದು. ಹಿರಿಯ ಜಂಗಮರೊಬ್ಬರು ಅಪ್ಪಣೆ ಕೊಡಿಸಿದಂತೆ ದೀಪವನ್ನು ಬಲಗಡೆಗೆ ಸರಿಸಿ, ಲಿಂಗವನ್ನು ಎದೆಯ ಮಟ್ಟಕ್ಕೆ ಎತ್ತಿ ಅರೆಗಣ್ಣಿನಿಂದ ನೋಡತೊಡಗಿದ ಮೇಲೆ ತೂಕಡಿಕೆಯು ಮೊದಲು ಹೋಯಿತು. ಬದುವಿನ ತಂಟೆಯು ಈಗಲೂ ನಡುನಡುವೆ ಬರುವದುಂಟು. ಆಗ ಬೆಳಕಿನ ಚುಕ್ಕೆಯು ಕದಲುವದರಿಂದ ಮನಸ್ಸು ಹೊರಟುಹೋದುದು ಕೂಡಲೆ ಗೊತ್ತಾಗುವದು. ಮುಚ್ಚಿದ ಕಣ್ಣಿಗೆ ಇಂಥ ಕಾವಲಿರಲಿಲ್ಲ.

ಪೂಜ್ಯರು ಊರೂರು ತಿರುಗಿ ಭಿಕ್ಷೆಯೆತ್ತಿ ಮಂದಿರವನ್ನು ಬೆಳೆಯಿಸಿದರು. ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ತೆರೆಯಹಚ್ಚಿದರು. ದೇಹವು ಬಳಲಿದರೂ ಪೂಜೆಯ ನೇಮವನ್ನು ಸಡಿಲಿಸಲಿಲ್ಲ. 1930ರಲ್ಲಿ ಶಿವಯೋಗ ಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಮಲಪ್ರಭೆಯ ತೀರದಲ್ಲಿರುವದು. ಬೆಳಗಿನ ಜಾವದಲ್ಲಿ ಅಲ್ಲಿ ವಟುಗಳು ಎಡಗೈಯಲ್ಲಿ ಲಿಂಗವನ್ನು ಹಿಡಿದು ಪೂಜೆಗೆ ಕೂಡ್ರುವರು.